ಸಾರೇ, ಆ ರಜೆ ಏನಾಯ್ತು?

ಸೆಪ್ಟೆಂಬರ್ 4, ಸೋಮವಾರ

ಮದುವೆಯಾಯಿತು! ನನಗೇ! ನಿನ್ನೆ!

ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲೊಬ್ಬ ಗಂಡಸು ಮಲಗಿದ್ದನ್ನು ಕಂಡು ಇನ್ನೇನು ಕಿರುಚಿಬಿಡುವುದರಲ್ಲಿದ್ದೆ. ಆಮೇಲೆ ನೆನಪಾಯಿತು, ಇದು ಸನಲೇಟ್ಟ. ನನ್ನ ಸ್ವಂತ ಸನಲೇಟ್ಟ! ಗೊರಕೆ ಕೂಡ ಎಷ್ಟು ಮುದ್ದು! ಸಹಕಾರಿ ಬ್ಯಾಂಕಿನವರಲ್ಲವೇ, ಗೊರಕೆಯಲ್ಲೂ ಒಂದು ಶಿಸ್ತಿದೆ. ಮೀಸೆಯ ಎಡತುದಿ ಬಲತುದಿಗಿಂತ ಒಂದು ಎಳ್ಳಿನಷ್ಟು ಮೇಲಿದೆ. ಇದನ್ನು ಪ್ರಪಂಚದಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಗಮನಿಸಿರಲಾರರು.

ಒಂದೇ ಒಂದು ಕೊರತೆ. ಸನಲೇಟ್ಟನ ಅಮ್ಮ, ಇನ್ನು ನನಗೂ ಅಮ್ಮ, ತಾಳಿ ಕಟ್ಟುವ ಹೊತ್ತಿಗೆ ಓಡಿಬಂದು, ಊಟದ ಎಲೆ ಹಾಕುವ ಮೊದಲೇ ಓಡಿಹೋದರು. ಕೋಟ್ಟಯಂನ ಒಂದು ಮನೆಯಲ್ಲಿ ಅವರು ಹೋಮ್ ನರ್ಸ್. ವಯಸ್ಸಾಗಿ ಹಾಸಿಗೆ ಹಿಡಿದ ಅಪ್ಪಚ್ಚನ್ ಒಬ್ಬರನ್ನು ಹಗಲೂ ರಾತ್ರಿ ಅವರೇ ನೋಡಿಕೊಳ್ಳಬೇಕು. ಮಗನ ಮದುವೆ ಎಂದರೂ ಸಿಕ್ಕಿದ್ದು ಅಷ್ಟೇ ಬಿಡುವು. ದೀಪ ಕೈಗಿತ್ತು ಸೊಸೆಯನ್ನು ಮನೆತುಂಬಿಸಿಕೊಳ್ಳಬೇಕಾದವರು ಅವರು. ಕೊಟ್ಟಿದ್ದು ಪಕ್ಕದ ಮನೆಯವರು.

ಅದಕ್ಕೇ ಮಂಟಪದಲ್ಲಿ ನನ್ನ ಬಾಯಿ ಜಾರಿತು. ಶಾಸಕರಾದ ತುಳಸೀಧರನ್ ಸಾರ್ ಬಂದಿದ್ದರು. ನಮ್ಮ ಪುಲ್ಲಾಂಕಡವಿನಲ್ಲಿ ಶಾಸಕರು ಬಾರದ ಮದುವೆ ಹಪ್ಪಳವಿಲ್ಲದ ಊಟವಿದ್ದಂತೆ. ನಮ್ಮಿಬ್ಬರ ನಡುವೆ ನಿಂತು ಕ್ಯಾಮೆರಾಗೆ ಹಲ್ಲು ಕಾಣಿಸುತ್ತಿದ್ದರು. ನಾನೂ ಹಲ್ಲು ಕಾಣಿಸುತ್ತಲೇ ಕೇಳಿದೆ:

“ಸಾರೇ, ನಮ್ಮಮ್ಮನಂಥವರಿಗೆ ವಾರಕ್ಕೊಂದು ರಜೆ ಕೊಡೋ ಕಾನೂನು ಮಾಡಿಸ್ಬಾರ್ದಾ?”

ಅವರು ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ನೋಡೋಣ ಮೋಳೇ” ಎಂದರು. ಮಗಳೇ ಅಂತ ಕರೆದರಲ್ಲ, ಎಷ್ಟು ಒಳ್ಳೆಯವರು!

ಸೆಪ್ಟೆಂಬರ್ 10, ಭಾನುವಾರ

ಅಮ್ಮನನ್ನು ನೋಡಲು ಹೋಗಿದ್ದೆವು. ಸ್ಕೂಟರಿನಲ್ಲಿ ಸನಲೇಟ್ಟನ ಬೆನ್ನಿಗೆ ಒರಗಿಕೊಂಡು ಕೋಟ್ಟಯಂವರೆಗೂ! ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ!

ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಾತು. ಅಮ್ಮ ಗಂಜಿ ಸೋಸುತ್ತಿದ್ದರು. ಕಿವಿ ಮಾತ್ರ ಒಳಕೋಣೆಯ ಕಡೆಗೇ ಇತ್ತು. ಅಪ್ಪಚ್ಚನ್ ಕೆಮ್ಮಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

“ಅಮ್ಮ, ಈ ಕೆಲಸ ಬಿಟ್ಟುಬಿಡಿ. ನಾವಿದ್ದೀವಲ್ಲ” ಎಂದೆ, ನಾಟಕದಲ್ಲಿ ಹೇಳುವಂತೆ.

“ನಾನ್ಯಾಕೆ ಬಿಡ್ಲಿ? ನನ್ನಷ್ಟು ಚೆನ್ನಾಗಿ ಈ ತಾಲೂಕಲ್ಲಿ ಯಾರು ಮಾಡ್ತಾರೆ? ನಂಗೆ ಬೇಕಾಗಿರೋದು ರಜೆ, ನಿವೃತ್ತಿ ಅಲ್ಲ.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನನ್ನ ಹೆಸರು ನೋಡಿದ್ರೆ ವಿಲಾಸಿನಿ. ಮಧ್ಯಾಹ್ನ ಒಂದು ಸಲ ಕಣ್ಣುಮುಚ್ಚಿ ಮಲಗಿ ಯಾವ ಕಾಲ ಆಯ್ತೋ. ನಮ್ಮಪ್ಪ ಹೆಸರಿಡುವಾಗ ಸ್ವಲ್ಪ ಕುಡಿದಿದ್ದ ಅನ್ಸುತ್ತೆ” ಎಂದರು.

ವಾಪಸ್ ಬರುವಾಗ ಶಾಸಕರ ಮಾತನ್ನು ಸನಲೇಟ್ಟನಿಗೆ ನೆನಪಿಸಿದೆ. ಸ್ಕೂಟರ್ ಓಲಾಡುವಷ್ಟು ನಕ್ಕರು.

“ಎಡೀ, ರಾಜಕೀಯದವರ ಮಾತಲ್ಲಿ ಮೂರು ಮೆಟ್ಟಿಲಿದೆ. ‘ನೋಡೋಣ’ ಅಂದ್ರೆ ಆಗಲ್ಲ. ‘ಪರಿಗಣಿಸೋಣ’ ಅಂದ್ರೆ ಆಗಲೇ ಆಗಲ್ಲ. ‘ಸರಿಮಾಡೋಣ’ ಅಂದ್ರೆ, ನೀನು ಇನ್ನೊಂದ್ಸಲ ಬರಬೇಡ.”

ಇಷ್ಟು ಬುದ್ಧಿವಂತ ಗಂಡ ಯಾರಿಗೆ ಸಿಗುತ್ತಾನೆ!

ಸೆಪ್ಟೆಂಬರ್ 14, ಗುರುವಾರ

ಶಾಸಕರ ಕಚೇರಿಗೆ ಹೋಗಿ ಮನವಿ ಕೊಟ್ಟೆ. “ಪರಿಗಣಿಸೋಣ” ಎಂದರು. ಒಂದು ಮೆಟ್ಟಿಲು ಹತ್ತಿದ್ದೇನೆ!

ಸೆಪ್ಟೆಂಬರ್ 21, ಗುರುವಾರ

ಮದುವೆಯ ದಿನ ನನ್ನನ್ನು ಸಿಂಗರಿಸಿದ, ನನಗೆ ಅಕ್ಕನಂತಿರುವ ಶೈನಿ ಚೇಚ್ಚಿಯ ಪಾರ್ಲರಿಗೆ ಹುಬ್ಬು ತಿದ್ದಿಸಲು ಹೋಗಿದ್ದೆ. ಮದುವೆಯ ವಿಡಿಯೋ ಮೊಬೈಲಿಗೆ ಬಂದಿತ್ತಲ್ಲ, ತೋರಿಸದೆ ಇರಲಾದೀತೇ? ಶಾಸಕರು ನಗುತ್ತಲೇ ನನ್ನ ಪ್ರಶ್ನೆಯನ್ನು ನುಂಗುವ ದೃಶ್ಯ ಬಂದಾಗ ಚೇಚ್ಚಿ ಕೈಯಲ್ಲಿದ್ದ ದಾರವನ್ನೇ ಬಿಟ್ಟುಬಿಟ್ಟರು.

“ನಿಲ್ಸು ನಿಲ್ಸು! ಹಿಂದಕ್ಕೆ ಹಾಕು. ಆ ಮುಖ ನೋಡು! ಈ ಮನುಷ್ಯನ್ನ ಕಚೇರೀಲಿ ಹಿಡಿಯಕ್ಕೆ ಹೋದ್ರೆ ಹಿಂದಿನ ಬಾಗಿಲಿದೆ. ಮಂಟಪದಲ್ಲಿ ಎಲ್ಲಿಗೆ ಹೋಗ್ತಾನೆ? ಈ ಕಡೆ ಮದುಮಗಳು, ಆ ಕಡೆ ಮದುಮಗ, ಎದುರಿಗೆ ಕ್ಯಾಮೆರಾ!”

ಚೇಚ್ಚಿಯ ಅಕ್ಕನೂ ಎರ್ನಾಕುಲಂನಲ್ಲಿ ಹೋಮ್ ನರ್ಸ್ ಅಂತೆ. ಈಸ್ಟರಿಗೂ ಮನೆಗೆ ಬರಲಾಗಲಿಲ್ಲವಂತೆ.

ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದೆವು. ನನ್ನ ಒಂದು ಹುಬ್ಬು ಮಾತ್ರ ತಿದ್ದಿ ಮುಗಿದಿತ್ತು. ಯೋಜನೆ ಸಿದ್ಧವಾಗುವವರೆಗೂ ಹಾಗೇ ಕೂತಿದ್ದೆ.

ಯೋಜನೆ ಇಷ್ಟೇ. ಈ ಕ್ಷೇತ್ರದ ಮದುಮಗಳಂದಿರೆಲ್ಲ ಯಾವುದೋ ಒಂದು ಪಾರ್ಲರಿನ ಕುರ್ಚಿಯಲ್ಲಿ ಕೂರಲೇಬೇಕು. ಪಾರ್ಲರಿನವರೆಲ್ಲ ಶೈನಿ ಚೇಚ್ಚಿಗೆ ಪರಿಚಯ. ಮಲ್ಲಿಗೆ ಮುಡಿಸುವಾಗ ಕಿವಿಯಲ್ಲಿ ಒಂದು ಮಾತು. ಒಪ್ಪಿದವರು ಶಾಸಕರು ಪಕ್ಕಕ್ಕೆ ಬಂದು ನಿಂತಾಗ ಕೇಳಬೇಕು. ಬಲವಂತ ಯಾರಿಗೂ ಇಲ್ಲ.

“ಆದ್ರೆ ವಾಕ್ಯ ಚಿಕ್ಕದಿರ್ಲಿ” ಎಂದರು ಚೇಚ್ಚಿ. “ಪ, ಬ, ಮ ಇರಲೇಬಾರ್ದು. ತುಟಿ ಸೇರಿದ್ರೆ ಲಿಪ್‌ಸ್ಟಿಕ್ ಕೆಡುತ್ತೆ. ಆಮೇಲೆ ಬೈಸ್ಕೊಳೋದು ನಾನು.”

ಇಂಗ್ಲಿಷ್ ಬಿ.ಎ. ಮಾಡಿದ್ದು ಕಡೆಗೂ ಉಪಯೋಗಕ್ಕೆ ಬಂತು! ಕನ್ನಡಿಯ ಮುಂದೆ ತುಟಿ ನೋಡಿಕೊಂಡು ಹೇಳಿಹೇಳಿ ಒಂದು ವಾಕ್ಯ ಕಟ್ಟಿದೆ: “ಸಾರೇ, ಆ ರಜೆ ಏನಾಯ್ತು?” ತುಟಿಗೆ ತುಟಿ ತಾಗುವುದೇ ಇಲ್ಲ.

“ಈಗ ಶುಭಕಾರ್ಯ ಮಾಡದ ಕನ್ನಿ ತಿಂಗಳು, ಮದುವೆ ಎಲ್ಲಿದೆ?” ಎಂದೆ.

“ಅದು ನಿಮ್ಮ ಕಡೆ ಹುಡುಗೀರಿಗೆ. ನಮ್ಮ ಚರ್ಚಲ್ಲಿ ಕನ್ನಿನೂ ಇಲ್ಲ, ಗಿನ್ನಿನೂ ಇಲ್ಲ.”

ಸೆಪ್ಟೆಂಬರ್ 25, ಸೋಮವಾರ

ಸೂಪರ್! ನಿನ್ನೆ ಚರ್ಚಿನ ಹಾಲಿನಲ್ಲಿ ಆನ್ಸಿ ಎಂಬ ಹುಡುಗಿ ಕೇಳಿಯೇಬಿಟ್ಟಳು. “ಯಾವ ರಜೆ?” ಎಂದರಂತೆ ಶಾಸಕರು. ಅವಳು ಹೂಗುಚ್ಛವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಿಧಾನವಾಗಿ ಪೂರ್ತಿ ವಿವರಿಸಿದಳಂತೆ. ಲಿಪ್‌ಸ್ಟಿಕ್ ಕೆಟ್ಟರೆ ಕೆಟ್ಟುಹೋಗಲಿ ಎಂದು! ಶಾಸಕರು ಕೇಕ್ ತಿನ್ನದೆ ಹೋದರಂತೆ ಪಾಪ.

ಅಕ್ಟೋಬರ್ 23, ಸೋಮವಾರ

ಬರೆಯಲು ಹೊತ್ತೇ ಸಿಗುವುದಿಲ್ಲ. ತುಲಾ ತಿಂಗಳು ಬಂತು, ನಮ್ಮ ಕಡೆಯ ಮದುವೆಗಳೂ ಶುರುವಾದವು. ಅತ್ತ ಪುಳಿಮೂಡಿನ ಪಾರ್ಲರಿನ ಸಾಜಿತಾ ಸೇರಿಕೊಂಡ ಮೇಲೆ ನಿಕಾಹ್‌ಗಳೂ ನಮ್ಮವೇ. ಶಾಸಕರಿಗೆ ಉಸಿರಾಡಲು ಒಂದು ಧರ್ಮವೂ ಉಳಿದಿಲ್ಲ.

ಮನುಷ್ಯ ಜಾಣ. ಈಗ ಮಂಟಪ ಹತ್ತುವುದೇ ಇಲ್ಲ, ನೇರ ಊಟದ ಮನೆಗೆ. ಹಾಗಾಗಿ ನಿನ್ನೆ ಪಾಯಸ ಬಡಿಸುವ ಭಾರ್ಗವಿಯಮ್ಮನಿಗೆ ಹೇಳಿಕೊಟ್ಟೆ. ಎಲೆಯ ಮುಂದೆ ಬಗ್ಗಿ, ಸೌಟು ಎತ್ತಿಹಿಡಿದು, “ಸಾರೇ, ಆ ರಜೆ ಏನಾಯ್ತು?” ಎಂದು ಕೇಳಿದರಂತೆ. ಉತ್ತರ ಬರುವವರೆಗೂ ಸೌಟು ಇಳಿಯಲಿಲ್ಲ. ಪಾಲಡ ಪಾಯಸ ಬೇರೆ! ಶಾಸಕರು ಸೌಟನ್ನೇ ನೋಡುತ್ತ “ಸರಿಮಾಡೋಣ, ಸರಿಮಾಡೋಣ” ಎಂದರಂತೆ.

ಈಗ ಅವರು ತಪ್ಪದೆ ಹೋಗುವುದು ಸಾವಿನ ಮನೆಗಳಿಗೆ ಮಾತ್ರ. “ಅಲ್ಲೂ ಕೇಳಿಸೋಣ” ಎಂದಳು ಸಾಜಿತಾ. ನಾನು ಬೇಡವೆಂದೆ. ಸಾವಿನ ಮನೆಯಲ್ಲಿ ಕೇಳಬಾರದು. ಅಲ್ಲಿ ಅವರೂ ನಮ್ಮಂತೆ ಒಬ್ಬ ಮನುಷ್ಯ. ಎಲ್ಲರೂ ಒಪ್ಪಿಕೊಂಡರು. ನನ್ನ ಮಾತನ್ನು ಎಲ್ಲರೂ ಯಾಕೆ ಒಪ್ಪಿಕೊಳ್ಳುತ್ತಾರೋ ತಿಳಿಯದು.

ಸನಲೇಟ್ಟ ಬೆಳಿಗ್ಗೆ, “ಈ ತಿಂಗಳಾದ್ರೂ ಮೂನ್ನಾರಿಗೆ ಹೋಗೋಣ್ವಾ? ಹನಿಮೂನ್ ಅಂತ ಒಂದು ಇರುತ್ತಲ್ಲ” ಎಂದರು. ನೋಡೋಣ ಎಂದೆ.

ನವೆಂಬರ್ 6, ಸೋಮವಾರ

ಅಯ್ಯೋ, ಅನಾಹುತ!

ನಿನ್ನೆ ದೇವಸ್ಥಾನದ ಸಭಾಂಗಣದಲ್ಲಿ ಐಶ್ವರ್ಯಳ ಮದುವೆ. ಶಾಸಕರಿಗೆ ಹತ್ತಿರದ ಸಂಬಂಧ, ಮಂಟಪ ಹತ್ತದೆ ವಿಧಿಯಿಲ್ಲ. ಐಶ್ವರ್ಯ ಮೊದಲೇ ಪುಕ್ಕಲಿ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ, ಜೊತೆಗೆ ಡೋಲು ನಾದಸ್ವರದ ಗದ್ದಲ. ಅದು ನಿಂತ ಕ್ಷಣದಲ್ಲೇ, ಇಡೀ ಸಭಾಂಗಣಕ್ಕೆ ಕೇಳುವಂತೆ ಕಿರುಚಿದಳು:

“ಸಾರೇ, ಆ ರಾಜೀನಾಮೆ ಏನಾಯ್ತು?”

ಮುಂದಿನ ಸಾಲಿನಲ್ಲಿದ್ದ ಪಂಚಾಯಿತಿ ಅಧ್ಯಕ್ಷರು ಎದ್ದು ನಿಂತರು. ಅವರ ಹಿಂದಿನ ಸಾಲು ಮೊಬೈಲ್ ತೆಗೆಯಿತು. ಶಾಸಕರ ಮುಖದ ನಗು ಅಂಟಿದಲ್ಲೇ ಒಣಗಿತು. ಊಟದ ಎಲೆ ಮಡಚುವಷ್ಟರಲ್ಲಿ ಸುದ್ದಿ ಮೂರು ತಾಲೂಕು ದಾಟಿತ್ತು: ತುಳಸೀಧರನ್ ರಾಜೀನಾಮೆ! ಉಪಚುನಾವಣೆಗೆ ಯಾರು ನಿಲ್ಲಬೇಕು ಎಂದು ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಸಂಜೆಯೇ ತೀರ್ಮಾನವಾಗಿಹೋಗಿದೆ.

ಐಶ್ವರ್ಯ ಫೋನ್ ಮಾಡಿ ಅಳುತ್ತಿದ್ದಳು. “ಚೇಚ್ಚೀ, ನಾನು ಎಲ್ಲಾ ಹಾಳ್ಮಾಡ್ದೆ.”

“ಇಲ್ಲ ಮೋಳೇ. ನೀನು ಹೊಟ್ಟೆತುಂಬ ಊಟ ಮಾಡು. ಮಿಕ್ಕಿದ್ದು ನನಗೆ ಬಿಡು” ಎಂದೆ. ಫೋನಿಟ್ಟ ಮೇಲೆ ನನಗೂ ಅನ್ನಿಸಿತು: ಹಾಳಾಗಿದ್ದರೆ? ಅಮ್ಮನ ರಜೆ ಇಲ್ಲಿಗೇ ಮುಗಿದಿದ್ದರೆ?

ನವೆಂಬರ್ 8, ಬುಧವಾರ

ಹಾಳಾಗಿಲ್ಲ! ಪಕ್ಷದವರು ತಿರುವನಂತಪುರದಿಂದ ಫೋನಿನಲ್ಲೇ ಬೆವರಿಳಿಸಿದರಂತೆ. ಶಾಸಕರು ಇವತ್ತು ಪತ್ರಕರ್ತರನ್ನು ಕರೆದರು. ಶೈನಿ ಚೇಚ್ಚಿಯ ಪಾರ್ಲರಿನಲ್ಲಿ ನಾವೆಲ್ಲ ಟಿ.ವಿ. ಮುಂದೆ. ಕುರ್ಚಿಯಲ್ಲಿದ್ದ ಹೆಂಗಸಿನ ಮುಖಕ್ಕೆ ಹಚ್ಚಿದ ಲೇಪ ಒಣಗಿ ಬಿರುಕು ಬಿಟ್ಟಿತ್ತು.

“ಅದು ರಾಜೀನಾಮೆ ಅಲ್ಲ, ರಜೆ! ರಜೆ! ಹೋಮ್ ನರ್ಸ್‌ಗಳ ವಾರದ ರಜೆ. ಆ ತಾಯಂದಿರಿಗಾಗಿ ನಾನೇ ಒಂದು ಖಾಸಗಿ ಮಸೂದೆ ತಯಾರು ಮಾಡ್ತಿದ್ದೀನಿ. ಮದುಮಗಳು ಕೇಳಿದ್ದು ಅದನ್ನೇ!”

“ತಯಾರು ಮಾಡ್ತಿದಾನಂತೆ!” ಎಂದು ಶೈನಿ ಚೇಚ್ಚಿ ಬಾಚಣಿಗೆ ಎಸೆದರು.

ಇನ್ನು ಮಾಡಲೇಬೇಕಲ್ಲ, ಬಾಯಿಬಿಟ್ಟು ಹೇಳಿಯಾಗಿದೆ.

ಡಿಸೆಂಬರ್ 19, ಮಂಗಳವಾರ

ಧನು ತಿಂಗಳು, ನಮ್ಮಲ್ಲಿ ಮದುವೆಯಿಲ್ಲ. ಕ್ರಿಸ್ಮಸ್ ಮುಂಚಿನ ನೋಂಪು ಉಪವಾಸ, ಚರ್ಚಿನವರಲ್ಲೂ ಇಲ್ಲ. ಸಾಜಿತಾ ಒಬ್ಬಳೇ ಕೋಟೆ ಕಾಯುತ್ತಿದ್ದಾಳೆ. ಈ ಬಿಡುವಿನಲ್ಲಿ ಅಕ್ಕಪಕ್ಕದ ಕ್ಷೇತ್ರಗಳ ಪಾರ್ಲರುಗಳನ್ನು ಸುತ್ತಿದೆ. ಒಬ್ಬ ಶಾಸಕನ ಮಸೂದೆ ಒಬ್ಬನೇ ಕೂಗಿದಂತೆ. ಅದಕ್ಕೆ ತಲೆಯಾಡಿಸುವವರು ಬೇಕು. ವಿರೋಧ ಪಕ್ಷದ ಶಾಸಕಿಯೊಬ್ಬರು, “ಅವರು ತರೋದಾದ್ರೆ ನಾನು ಬೆಂಬಲಿಸ್ಬೇಕಾ? ನಾನೇ ತರ್ತಿದ್ದೆ” ಎಂದರು. “ಹಾಗಾದ್ರೆ ಇದು ಸಾಲದು, ಇನ್ನೂ ಗಟ್ಟಿ ಕಾನೂನು ಬೇಕು ಅಂತ ಜಗಳ ಆಡಿ ಮೇಡಂ” ಎಂದೆ. ಅವರಿಗೆ ಅದು ಬಹಳ ಹಿಡಿಸಿತು.

ಸನಲೇಟ್ಟ ಎಷ್ಟು ಚೆನ್ನಾಗಿ ಮೀನು ಸಾರು ಮಾಡುತ್ತಾರೆ ಎಂದು ಈಗ ತಿಳಿಯಿತು. ನನ್ನ ಫೋನಿಗೂ ಅವರೇ ಉತ್ತರಿಸುತ್ತಾರೆ. ಮೂನ್ನಾರಿನಲ್ಲಿ ಈಗ ಭಾರೀ ಚಳಿಯಂತೆ. ಪರಿಗಣಿಸೋಣ ಎಂದಿದ್ದೇನೆ. ಯಾಕೋ ನನ್ನ ಮುಖವನ್ನೇ ದಿಟ್ಟಿಸಿ, “ಎಡೀ, ನೀನು ಚುನಾವಣೆಗೆ ಏನಾದ್ರೂ ನಿಲ್ತಿದ್ದೀಯಾ?” ಎಂದರು. ತಮಾಷೆಯ ಮನುಷ್ಯ.

ಫೆಬ್ರವರಿ 2, ಶುಕ್ರವಾರ

ತಿರುವನಂತಪುರದಿಂದ ಬರುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಯ ತಪ್ಪು.

ವಿಧಾನಸಭೆಯ ಗ್ಯಾಲರಿಯಲ್ಲಿ ನಾನು, ಶೈನಿ ಚೇಚ್ಚಿ, ಸಾಜಿತಾ, ಐಶ್ವರ್ಯ ಮತ್ತು ಒಂದಷ್ಟು ಹೊಸ ಮದುಮಗಳಂದಿರು. ಹೋಮ್ ನರ್ಸ್ ಒಬ್ಬರೂ ಇರಲಿಲ್ಲ. ಅವರಿಗೆಲ್ಲಿ ರಜೆ?

ತುಳಸೀಧರನ್ ಸಾರ್ ಚೆನ್ನಾಗಿ ಮಾತಾಡಿದರು, ಸುಳ್ಳು ಹೇಳಬಾರದು. ವಿರೋಧ ಪಕ್ಷದ ಶಾಸಕಿ ನಾನು ಹೇಳಿಕೊಟ್ಟಂತೆಯೇ ಜಗಳವಾಡಿದರು. ನನಗೆ ಎದ್ದು ಕುಣಿಯಬೇಕೆನಿಸಿತು. ಆಮೇಲೆ ಸಚಿವರು ಎದ್ದರು. ಉದ್ದೇಶ ಉದಾತ್ತವಾದದ್ದು, ಸಾಧಕ ಬಾಧಕಗಳಿವೆ, ಸಮಿತಿಗೆ ಕಳಿಸೋಣ ಎಂದರು. ಮುಗಿಯಿತು. ಸಮಿತಿ ಎಂದರೆ ‘ನೋಡೋಣ’ಕ್ಕೆ ಮೇಜು ಕುರ್ಚಿ ಹಾಕಿಕೊಟ್ಟಂತೆ.

ಬಸ್ ನಿಲ್ದಾಣದಲ್ಲಿ ನಾನು ಅತ್ತುಬಿಟ್ಟೆ, ಎಲ್ಲರ ಎದುರಿಗೆ. ಅಮ್ಮನಿಗೆ ಫೋನ್ ಮಾಡಿ ಸಮಿತಿಗೆ ಹೋಯಿತೆಂದೆ. ಹಿಂದೆ ಅಪ್ಪಚ್ಚನ್ ಕೆಮ್ಮುವುದು ಕೇಳುತ್ತಿತ್ತು.

“ಹೋಗ್ಲಿ ಬಿಡು ಮೋಳೇ. ಬಿಸಿಬಿಸಿ ಏನಾದ್ರೂ ತಿಂದ್ಯಾ?” ಎಂದರು. ಅಷ್ಟಕ್ಕೇ ಮತ್ತೆ ಅಳು.

ಫೆಬ್ರವರಿ 6, ಮಂಗಳವಾರ

ಇದನ್ನು ಬರೆಯುವಾಗಲೂ ನಗು ತಡೆಯಲಾಗುತ್ತಿಲ್ಲ.

ಅಪ್ಪಚ್ಚನ್‌ರ ಮಗಳು ಜೆಸ್ಸಿ ಮಸ್ಕತ್ತಿನಲ್ಲಿರುವವರು. ಶುಕ್ರವಾರ ಅಲ್ಲಿ ಟಿ.ವಿ.ಯ ಕೆಳಗೆ ಓಡುವ ಸಾಲು ಕಂಡರಂತೆ: ‘ಹೋಮ್ ನರ್ಸ್‌ಗಳಿಗೆ ವಾರದ ರಜೆ, ಸಭೆಯಲ್ಲಿ ಮಸೂದೆ.’ ‘ರಜೆ’ವರೆಗೆ ಓದಿದರು, ಮಿಕ್ಕಿದ್ದು ಓಡಿಹೋಯಿತು! ಕಾನೂನು ಬಂದೇಬಿಟ್ಟಿತೆಂದು ಗಾಬರಿಯಾಗಿ ಅಮ್ಮನಿಗೆ ಫೋನ್: “ವಿಲಾಸಿನಿ ಚೇಚ್ಚೀ, ಕೇಸು ಗೀಸು ಏನೂ ಬೇಡ. ಈ ಭಾನುವಾರದಿಂದ ನೀವು ರಜೆ ತಗೊಳ್ಳಿ. ನನ್ನ ತಮ್ಮ ಕೊಚ್ಚಿಯಿಂದ ಬಂದು ಅಪ್ಪನ್ನ ನೋಡ್ಕೊಳ್ತಾನೆ.”

ಅಮ್ಮ ನನಗೆ ಫೋನ್ ಮಾಡಿ ಪಿಸುಗುಟ್ಟಿ ಹೇಳಿದರು. ಕಾನ್ವೆಂಟಿನಲ್ಲಿ ಓದಿದ ನನ್ನ ಮನಸ್ಸಾಕ್ಷಿ ಚುಚ್ಚಿತು.

“ಅಮ್ಮ, ಕಾನೂನು ಇನ್ನೂ ಆಗಿಲ್ಲ ಅಂತ ಅವರಿಗೆ ಹೇಳ್ಬೇಕಲ್ವಾ?”

“ಅವಳು ಕೇಳಿದ್ಲಾ?”

“ಇಲ್ಲ.”

“ಕೇಳದೆ ಇರೋದಕ್ಕೆ ಉತ್ತರ ಹೇಳೋದು ನಿಮ್ಮ ಸಿಸ್ಟರುಗಳು ಕಲಿಸಿದ್ದಾ? ಅವಳ ತಮ್ಮನೂ ಅಪ್ಪನ ಮುಖ ನೋಡಿ ಒಂದು ವರ್ಷ ಆಗಿದೆ. ಬರ್ಲಿ. ಗಂಜಿ ಸೋಸೋದು ಅವನಿಗೂ ಗೊತ್ತಾಗ್ಲಿ.”

ಸನಲೇಟ್ಟ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಾರೆ. ಅವರ ಸ್ನೇಹಿತರೆಲ್ಲ ನಗುತ್ತಿದ್ದಾರಂತೆ. ಅತ್ತೆ ಮನೆಗೆ ಬರದಿರಲಿ ಎಂದು ಹರಕೆ ಹೊತ್ತವರನ್ನು ನೋಡಿದ್ದೇವೆ, ಅತ್ತೆಯನ್ನು ಮನೆಗೆ ಕರೆಸಲು ವಿಧಾನಸಭೆಯವರೆಗೆ ಹೋದ ಸೊಸೆ ಇವಳೊಬ್ಬಳೇ ಎಂದು.

ಫೆಬ್ರವರಿ 11, ಭಾನುವಾರ

ಅಮ್ಮ ಬಂದರು. ಬೆಳಗಿನ ಬಸ್ಸಿಗೆ.

ಮರಗೆಣಸು ಬೇಯಿಸಿ, ಮೀನು ಸಾರು ಮಾಡಿ ಕಾದಿದ್ದೆವು. ಅಮ್ಮ ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಮೆಣಸಿನಪುಡಿ ಇಡುವ ಜಾಗ ಇದಲ್ಲ ಎಂದರು. ಪೊರಕೆ ಹಾಗೆ ನಿಲ್ಲಿಸಬಾರದು ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಪ್ರತಿ ಭಾನುವಾರ!

ಆಮೇಲೆ, “ಸ್ವಲ್ಪ ಬೆನ್ನು ನೆಲಕ್ಕೆ ತಾಗಿಸ್ತೀನಿ, ಈಗ ಏಳ್ತೀನಿ” ಎಂದು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡರು. ಈಗ ಏಳಲಿಲ್ಲ. ಊಟದ ಹೊತ್ತಾಯಿತು. ಸಾರು ಆರಿತು. ಸನಲೇಟ್ಟ ಫ್ಯಾನಿನ ಕೆಳಗೆ ಕೂತು, ಕರೆಂಟ್ ಹೋದಾಗಲೆಲ್ಲ ಹಳೆಯ ಪೇಪರಿನಿಂದ ಗಾಳಿ ಬೀಸಿದರು. ನಾನು ಅಂಗಳದಲ್ಲಿ ನಿಂತು ಕಾಗೆ ಓಡಿಸುತ್ತಿದ್ದೆ. ಮೀನು ಮಾರುವವನು ಕೂಗುವ ಮೊದಲೇ ಹೋಗಿ ಅವನ ಬಾಯಿ ಮುಚ್ಚಿಸಿದೆ.

ಆಗಲೇ ಗೇಟಿನ ಮುಂದೆ ಶಾಸಕರ ಕಾರು ನಿಂತಿತು. ಮುಂದಿನ ಮದುವೆಗೆ ಹೋಗುವ ದಾರಿಯಲ್ಲಿ ಇಳಿದು ಬಂದವರು ದಡದಡನೆ ಜಗಲಿ ಹತ್ತಿದರು.

“ಮೋಳೇ, ಇನ್ನಾದ್ರೂ ನಿನ್ನ ಹುಡುಗೀರನ್ನ ನಿಲ್ಸು. ಮಸೂದೆ ಮಂಡಿಸಿದ್ದೀನಿ, ಸಮಿತಿಗೂ ಹೋಗಿದೆ. ನಾನು ನೆಮ್ಮದಿಯಾಗಿ ಒಂದು ಲೋಟ ಪಾಯಸ ಕುಡಿದು ಎಷ್ಟು...”

ನಾನು ತುಟಿಗೆ ಬೆರಳಿಟ್ಟೆ. ಅವರು ಬಾಗಿಲಿನಿಂದ ಒಳಗೆ ಇಣುಕಿದರು.

“ಯಾರಿವರು?” ದನಿ ತಾನಾಗಿಯೇ ಇಳಿದಿತ್ತು.

“ಅಮ್ಮ. ವಾರದ ರಜೆ.”

“ರಜೆ? ಯಾರು ಕೊಟ್ರು? ಕಾನೂನೇ ಆಗಿಲ್ವಲ್ಲ!”

“ಮೆಲ್ಲಗೆ ಸಾರೇ. ಅದು ಅವರ ಮನೆಯವರಿಗೆ ಗೊತ್ತಿಲ್ಲ.”

ನಡೆದದ್ದನ್ನು ಪಿಸುಮಾತಿನಲ್ಲಿ ಹೇಳಿದೆ. ಶಾಸಕರು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಭುಜ ಮಾತ್ರ ಕುಣಿಯಿತು. ಆಮೇಲೆ ನಗು ನಿಂತಿತು. ಬಾಗಿಲ ಚೌಕಟ್ಟು ಹಿಡಿದು ಅಮ್ಮನನ್ನೇ ನೋಡಿದರು. ಅಮ್ಮನ ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಚಾಪೆಯಿಂದ ಆಚೆ, ಅಂಗೈ ಮೇಲಾಗಿ ಬಿದ್ದಿತ್ತು.

“ಎಷ್ಟು ಹೊತ್ತಾಯ್ತು?”

“ಬಂದಾಗಿಂದ.”

“ಹಾಗಾದ್ರೆ ಕಾನೂನು ಬೇಗ ಮಾಡಿಸ್ಬೇಕಲ್ಲ ಮೋಳೇ” ಎಂದರು ಅಷ್ಟೇ ಮೆಲ್ಲಗೆ, “ಆ ಮನೆಯವರಿಗೆ ಗೊತ್ತಾಗೋದ್ರೊಳಗೆ.”

ಹುಡುಗಿಯರನ್ನು ನಿಲ್ಲಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟರಲ್ಲಿ ಮುಹೂರ್ತ ಮೀರುತ್ತಿದೆಯೆಂದು ರಸ್ತೆಯಲ್ಲಿದ್ದ ಅವರ ಡ್ರೈವರ್ ಹಾರ್ನಿಗೆ ಕೈ ಚಾಚುವುದು ಕಂಡಿತು. ನಾನು ಮೆಟ್ಟಿಲಿಳಿಯುವ ಮೊದಲೇ ಶಾಸಕರು ಚಪ್ಪಲಿಯನ್ನೂ ಮೆಟ್ಟದೆ, ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಗೇಟಿನವರೆಗೆ ಓಡಿಹೋಗಿ ಅವನ ಕೈ ಹಿಡಿದುಕೊಂಡರು.